ಓರ್ನಾಳ ಒಂದು ವರ್ಷವನ್ನು ಅಳಿಸಿಹಾಕಿದ ಸಮಿತಿಗೆ

ಸಾಲಿಸಿಟರುಗಳ ತರಬೇತಿ ಸಮಿತಿಯ ಘನ ಅಧ್ಯಕ್ಷರೇ,

ನಡೆದುಹೋದ ವರ್ಷವನ್ನು ನಡೆದೇ ಇಲ್ಲವೆಂದು ಮಾಡುವ ಶಕ್ತಿ ದೇವರಿಗೂ ಇಲ್ಲವೆಂದು ತಿಳಿದಿದ್ದೆ. ತಮಗಿದೆ. ನನ್ನ ಅಪ್ರೆಂಟಿಸ್ ಓರ್ನಾ ಕಿಲ್ಕಾಯ್ನ್ ಮೇಯೊ ಸೀಮೆಯ ಬ್ಯಾಲಿಕ್ಲೂನ್ ಪೇಟೆಯ ನನ್ನ ಕಚೇರಿಯಲ್ಲಿ ಕೆಲಸ ಕಲಿತ ಇಡೀ ವರ್ಷವನ್ನು ‘ತರಬೇತಿಯ ಅವಧಿಯೆಂದು ಪರಿಗಣಿಸತಕ್ಕದ್ದಲ್ಲ’ ಎಂದು ತಾವು ಆದೇಶ ಹೊರಡಿಸಿದ್ದೀರಿ. ಕಾರಣ, ಈ ವಸಂತದಲ್ಲಿ ತಾವು ತಂದ ಹೊಸ ನಿಯಮ. ಒಬ್ಬನೇ ಸಾಲಿಸಿಟರ್ ಇರುವುದು ‘ಒಂಟಿ ಕಚೇರಿ’. ಅಲ್ಲಿ ಯಾರೂ ಕಲಿಯುವಂತಿಲ್ಲ, ಕಲಿತಿದ್ದರೆ ಅದು ಕಲಿಕೆಯೇ ಅಲ್ಲ. ಆಕೆ ನನ್ನ ಬಾಗಿಲು ತಟ್ಟಿದಾಗ ಈ ನಿಯಮ ಹುಟ್ಟಿರಲೇ ಇಲ್ಲ. ಹುಟ್ಟದ ಕಾನೂನಿನಿಂದ ಯಾರನ್ನೂ ದಂಡಿಸಬಾರದೆಂದು ಮೊದಲ ವರ್ಷದ ಮಕ್ಕಳಿಗೇ ಪಾಠ ಮಾಡುತ್ತಾರೆ. ಆ ದಿನ ತಾವು ರಜೆಯ ಮೇಲಿದ್ದಿರೇನೋ.

ಒಂಟಿ! ಈ ಪದವನ್ನು ಹೆಕ್ಕಿ ತೆಗೆದವರು ಯಾರು ಸ್ವಾಮಿ? ನನ್ನ ಬಾಗಿಲ ಫಲಕದಲ್ಲಿ ಇವತ್ತಿಗೂ ‘ಗೆರಾಟಿ ಮತ್ತು ಗೆರಾಟಿ’ ಎಂದೇ ಇದೆ. ಎರಡನೆಯವಳು ನನ್ನ ಹೆಂಡತಿ ಇಮೆಲ್ಡಾ. ಉಯಿಲು, ಜಮೀನು ನನ್ನ ಪಾಲಿಗೆ. ಕೋರ್ಟು, ಜಗಳ ಅವಳ ಪಾಲಿಗೆ. ಅವಳು ತೀರಿಕೊಂಡು ಆರು ವರ್ಷವಾಯಿತು. ತಮ್ಮ ನಿಯಮದ ಪ್ರಕಾರ ಅವಳಿದ್ದಷ್ಟು ದಿನ ನಾನು ಯೋಗ್ಯ ಗುರು. ಅವಳನ್ನು ಮಣ್ಣು ಮಾಡಿ ಮನೆಗೆ ಬರುವಷ್ಟರಲ್ಲಿ ಅಯೋಗ್ಯ. ಹೆಂಡತಿ ಸತ್ತರೆ ಗಂಡನಿಗೆ ಗೊತ್ತಿದ್ದ ಕಾನೂನೂ ಸಾಯುತ್ತದೆಯೇ? ಯಾರನ್ನಾದರೂ ಪಾಲುದಾರರನ್ನಾಗಿ ಸೇರಿಸಿಕೊಳ್ಳಿ ಎಂದು ತಮ್ಮ ಕಾರ್ಯದರ್ಶಿಗಳು ಬುದ್ಧಿ ಹೇಳಿದ್ದಾರೆ. ಹುಡುಕದೇ ಕೂತಿದ್ದೇನೆಯೇ? ನಮ್ಮ ಮೇಯೊ ಸೀಮೆಯಿಂದ ಹೋಗಿ ಕಾನೂನು ಓದಿದ ಮಕ್ಕಳೆಲ್ಲ ರಾಜಧಾನಿ ಡಬ್ಲಿನ್ನಿನ ಗಾಜಿನ ಕಟ್ಟಡಗಳಲ್ಲಿದ್ದಾರೆ. ಇಲ್ಲಿ ಉಳಿಯುವವರೇನಿದ್ದರೂ ಇಲ್ಲಿ ಕಲಿತವರು. ನಾನು ಒಂಟಿಯಾದ್ದರಿಂದ ಯಾರೂ ನನ್ನ ಹತ್ತಿರ ಕಲಿಯುವಂತಿಲ್ಲ. ಯಾರೂ ಕಲಿಯುವಂತಿಲ್ಲವಾದ್ದರಿಂದ ನಾನು ಒಂಟಿ. ಈ ನಿಯಮ ಹೊಳೆದ ತಲೆಗೆ ಸನ್ಮಾನ ಮಾಡಬೇಕು.

ಒಂಟಿ ಎಂದರೇನೆಂದು ತಮ್ಮ ನಿಯಮಾವಳಿಯಲ್ಲಿ ಅರ್ಥ ಕೊಟ್ಟಿಲ್ಲ, ನಾನೇ ಹೇಳುತ್ತೇನೆ. ಬರೆದ ಕರಡನ್ನು ಗಟ್ಟಿಯಾಗಿ ಓದಿ, “ಸರಿಹೋಯ್ತಲ್ಲ?” ಎಂದು ಕೇಳಿದ ಮೇಲೆ ಎದುರಿನ ಕುರ್ಚಿ ಖಾಲಿ ಎಂದು ನೆನಪಾಗುವುದು. ಚಹಾಕ್ಕೆ ಇಬ್ಬರಿಗಾಗುವಷ್ಟು ನೀರು ಕಾಯಿಸಿ ಅರ್ಧ ಚೆಲ್ಲುವುದು. ಶುಕ್ರವಾರ ಸಂಜೆ ಕೊನೆಯ ಕಕ್ಷಿದಾರನನ್ನು ಗಾಳಿ ಮಳೆಯ ಮಾತಾಡುತ್ತಾ ಬಾಗಿಲಲ್ಲೇ ನಿಲ್ಲಿಸಿಕೊಳ್ಳುವುದು. ಅವನು ಹೊರಟರೆ ಸೋಮವಾರದವರೆಗೆ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ. ಇಂಥ ಕಚೇರಿಗೆ ಡಬ್ಲಿನ್ನಿನ ಹುಡುಗಿಯೊಬ್ಬಳು ತಾನಾಗಿ ಬಂದಳು. ಬಂದ ವಾರವೇ ನನ್ನ ವಾಕ್ಯಗಳ ಮೇಲೆ ಜಗಳ ತೆಗೆದಳು. “ಫೆಲಿಮ್, ನಿಮ್ಮ ಈ ವಾಕ್ಯ ಮುಗಿಯೋದ್ರೊಳಗೆ ಉಯಿಲು ಬರೆಸ್ದೋರು ಹೋಗೇ ಬಿಟ್ಟಿರ್ತಾರೆ!” ಎಂದಳು. ಬೈಸಿಕೊಂಡು ಅಷ್ಟು ಖುಷಿಪಟ್ಟ ಮನುಷ್ಯ ಇನ್ನೊಬ್ಬನಿರಲಾರ.

ಈಗ ಆಕೆಯ ತಪ್ಪಿನ ವಿಷಯ. ತಮ್ಮ ಆದೇಶದಲ್ಲಿ ಅದನ್ನೇ ಎತ್ತಿ ತೋರಿಸಿದ್ದೀರಿ, ಆದ್ದರಿಂದ ಈ ಬಹಿರಂಗ ಪತ್ರ ಓದುವ ಜನರೂ ಕೇಳಲಿ. ಲ್ಯೂಕ್ ಹೆನೆಘನ್ ಎಂಬ ಮುದಿ ಬ್ರಹ್ಮಚಾರಿ ಹೊಲಮನೆಯನ್ನು ಅಣ್ಣನ ಮಗನಿಗೆ ಬರೆಯಲು ಹೊರಟ. ಒಂದೇ ಷರತ್ತು. ಜೊತೆಯಲ್ಲೇ ಬದುಕಿದ ಅಕ್ಕ ಡೀಲಿಯಾಗೆ ಅವಳ ಉಸಿರಿರುವ ತನಕ ‘ಪಡುವಣ ಕೋಣೆ’ ಸಿಗಬೇಕು, ಒಲೆಯಲ್ಲಿ ಉರಿಸಲು ಬೇಕಾದಷ್ಟು ಟರ್ಫ್ ಮಣ್ಣಿನ ಹೆಂಟೆ ಸಿಗಬೇಕು. ಓರ್ನಾ ಅಚ್ಚುಕಟ್ಟಿನ ಹುಡುಗಿ. ಫೋನಿನಲ್ಲಿ ದಿಕ್ಕು ನೋಡಿ, ನಕ್ಷೆಗೆ ತಾಳೆ ಹಾಕಿ, ‘ಕಟ್ಟಡದ ಪಶ್ಚಿಮ ತುದಿಯ ಕೊಠಡಿ’ ಎಂದು ಕರಡು ಬರೆದಳು. ಯಾವ ಕರಡನ್ನೂ ಬರೆಸಿದವರ ಅಡುಗೆಮನೆಯಲ್ಲೇ ಕೂತು ಗಟ್ಟಿಯಾಗಿ ಓದಬೇಕೆಂಬುದು ನನ್ನ ಕಚೇರಿಯ ಪದ್ಧತಿ. ನಾನು ಪಕ್ಕದಲ್ಲಿ ಕೂತಿದ್ದೆ, ಓರ್ನಾ ಓದಿದಳು. ಡೀಲಿಯಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಕೈ ನಿಲ್ಲಿಸಿದಳು.

“ಅಯ್ಯೋ ಮಗಳೇ, ನನ್ನನ್ನ ಕರುಗಳ ಜೊತೆ ಮಲಗಿಸ್ತೀಯಾ?”

“ಅಂದ್ರೆ?”

“ಆ ತುದೀಲಿರೋದು ಕೊಟ್ಟಿಗೆ ಕಣೇ! ಕರುಗಳನ್ನೆಲ್ಲಿ ಕಳಿಸ್ತೀರಿ, ನನ್ನ ಹಾಸಿಗೆಗಾ?”

ಲ್ಯೂಕ್ ನಕ್ಕೂ ನಕ್ಕೂ ಕೆಮ್ಮಿದ. “ಕರುಗಳು ಒಪ್ಪಲ್ಲ ಬಿಡು. ನೀನು ಗೊರಕೆ ಹೊಡೀತೀಯ,” ಎಂದ.

ನಮ್ಮ ಕಡೆ ಪಡುವಣ ಕೋಣೆ ಎಂದರೆ ಒಲೆಗೂಡಿನ ಬೆನ್ನಿಗಿರುವ ಬೆಚ್ಚನೆಯ ಕೋಣೆ. ಮನೆಗೆ ಸೊಸೆ ಬಂದಾಗ ಹಿರಿಯರು ಅದಕ್ಕೆ ಸರಿಯುತ್ತಾರೆ, ಕೊನೆಗೆ ಅಲ್ಲಿಂದಲೇ ಹೋಗುತ್ತಾರೆ. ಲ್ಯೂಕನ ಅಜ್ಜ ಅದನ್ನು ಪೂರ್ವದ ತುದಿಗೆ ಕಟ್ಟಿಸಿದ. ಆದರೂ ಅದು ಪಡುವಣ ಕೋಣೆಯೇ! ಆ ಕರಡಿಗೇ ರುಜು ಬಿದ್ದಿದ್ದರೆ, ನಾಳೆ ಅಣ್ಣನ ಮಗನ ಹೆಂಡತಿ ಕೊಟ್ಟಿಗೆಯತ್ತ ಕೈ ತೋರಿಸಿ “ನಿಮ್ಮ ಕೋಣೆ ಅದೇ” ಎಂದಿದ್ದರೆ, ಮುದುಕಿಯ ಗತಿ? ಓರ್ನಾ ಅಲ್ಲೇ ಕೂತು ‘ಅಡುಗೆಮನೆಯ ಒಲೆಯ ಹಿಂದಿನ, ಡೀಲಿಯಾ ಈಗ ಮಲಗುವ ಕೋಣೆ’ ಎಂದು ತಿದ್ದಿದಳು. ಕಾರು ಹತ್ತಿದ ಮೇಲೆ, “ನನ್ನ ಫೋನಿಗೆ ದಿಕ್ಕು ಗೊತ್ತು, ಡೀಲಿಯಾ ಗೊತ್ತಿಲ್ಲ,” ಎಂದಳು.

ಬೇಸಿಗೆಯಲ್ಲಿ ತಮ್ಮ ತನಿಖಾಧಿಕಾರಿಗಳು ಕಂಪ್ಯೂಟರಿನ ಪರದೆಯ ಮೇಲೆ ದರ್ಶನ ಕೊಟ್ಟರು. ನೀವು ಮಾಡಿದ ಒಂದು ತಪ್ಪು ಹೇಳಿ ಎಂದು ಓರ್ನಾಳನ್ನು ಕೇಳಿದರು. ಪ್ರಾಮಾಣಿಕಳು, ಇದನ್ನೇ ಹೇಳಿದಳು.

“ಅದನ್ನು ಪತ್ತೆ ಹಚ್ಚಿದ ಎರಡನೇ ಸಾಲಿಸಿಟರ್ ಯಾರು?”

“ಸಾಲಿಸಿಟರ್ ಅಲ್ಲ ಸರ್, ಡೀಲಿಯಾ.”

“ಯಾವ ಸಂಸ್ಥೆಯ ಡೀಲಿಯಾ?”

ನಾನು ನಕ್ಕುಬಿಟ್ಟೆ. ನಗಬಾರದಿತ್ತೇನೋ. ಆದೇಶ ಬಂದಾಗ ಅದರಲ್ಲಿ ‘ತಪ್ಪುಗಳನ್ನು ಪರಿಶೀಲಿಸುವ ಅರ್ಹ ವ್ಯವಸ್ಥೆ ಇಲ್ಲ’ ಎಂದಿತ್ತು. ಸುಳ್ಳು ಹೇಳಿ ಯಾವುದೋ ಕಟ್ಟುಕಥೆ ಒಪ್ಪಿಸಿದ್ದರೆ ಆಕೆ ಪಾಸಾಗುತ್ತಿದ್ದಳು, ಅಲ್ಲವೇ? ಸಾಲಿಸಿಟರುಗಳಿಗೆ ತಾವು ಕಲಿಸಬಯಸುವುದು ಅದನ್ನೇ ಎಂದಾದರೆ ನಿಯಮದಲ್ಲಿ ನೇರವಾಗಿ ಬರೆಯಿರಿ, ನಮಗೂ ಸಲೀಸು.

ಬೇರೆ ಕಚೇರಿಗೆ ಹೋಗುವುದಿಲ್ಲವೆಂದು ಓರ್ನಾ ಹಟ ಹಿಡಿದಳು. “ಹೋಗಲ್ಲ ಫೆಲಿಮ್. ನಿಯಮ ಬದಲಾಗೋವರ್ಗೂ ಇಲ್ಲೇ ಇರ್ತೀನಿ.”

“ಹುಚ್ಚು ಹುಡುಗಿ, ಅದು ಬದಲಾಗೋದ್ರೊಳಗೆ ನಿನಗೆ ನನ್ನ ವಯಸ್ಸಾಗಿರುತ್ತೆ.”

“ನೀವೊಬ್ರೇ ಆಗ್ತೀರಲ್ಲ.”

“ಅಭ್ಯಾಸ ಇದೆ ಬಿಡು,” ಎಂದೆ. ಅಭ್ಯಾಸವಿತ್ತು, ನಿಜ. ಆ ಹುಡುಗಿ ಬಂದು ಅದನ್ನು ತಪ್ಪಿಸಿಬಿಟ್ಟಿದ್ದಳು. ಡಬ್ಲಿನ್ನಿನ ದೊಡ್ಡದೊಂದು ಸಂಸ್ಥೆಗೆ ನಾನೇ ಫೋನು ಮಾಡಿ ಜಾಗ ಕೊಡಿಸಿದೆ. ತರಬೇತಿ ಮೊದಲಿನಿಂದ ಶುರು. ಸೋಮವಾರ ಬಸ್ಸು ಹತ್ತಿಸಿ ಬಂದೆ. ಕಚೇರಿಯ ಬಾಗಿಲು ತೆಗೆದು ಬಹಳ ಹೊತ್ತು ಕೋಟು ಕಳಚದೆ ನಿಂತಿದ್ದೆ. ದುಃಖವಾಯಿತು ಅಧ್ಯಕ್ಷರೇ, ಇದಕ್ಕಿಂತ ಗಂಭೀರವಾದ ಪದ ಹುಡುಕುವ ಮನಸ್ಸಿಲ್ಲ.

ಓರ್ನಾಳನ್ನು ವಾಪಸು ಕಳಿಸಿ ಎಂದು ನಾನು ಕೇಳುತ್ತಿಲ್ಲ. ಆಕೆಗೆ ಇಪ್ಪತ್ತಾರು ವಯಸ್ಸು. ಗೆಳೆಯ ಗೆಳತಿಯರಿರುವ ಊರಲ್ಲಿರಲಿ, ಚೆನ್ನಾಗಿರಲಿ. ನನ್ನನ್ನು ಯೋಗ್ಯನೆಂದು ಒಪ್ಪಿ ಎಂದೂ ಕೇಳುತ್ತಿಲ್ಲ. ಇನ್ನು ನಾಲ್ಕು ಚಳಿಗಾಲ ಕಳೆದರೆ ನಾನೇ ಈ ಬಾಗಿಲು ಮುಚ್ಚುತ್ತೇನೆ, ಆಮೇಲೆ ಉಯಿಲು ಬರೆಸಬೇಕಾದವರು, ಅಧ್ಯಕ್ಷರೇ, ತಮ್ಮ ಮನೆಯ ವಿಳಾಸ ಹುಡುಕಿಕೊಂಡು ಬರಲಿ. ನಾನು ಕೇಳುವುದು ಇಷ್ಟೇ. ಆದೇಶವನ್ನು ಹಿಂತೆಗೆದುಕೊಂಡು ಆಕೆಯ ವರ್ಷವನ್ನು ಆಕೆಗೆ ಜಮಾ ಮಾಡಿ. ಆಕೆ ಇಲ್ಲಿ ದುಡಿದಿದ್ದಾಳೆ, ತಪ್ಪು ಮಾಡಿದ್ದಾಳೆ, ತಿದ್ದಿಕೊಂಡಿದ್ದಾಳೆ, ನನ್ನೊಡನೆ ಜಗಳವಾಡಿದ್ದಾಳೆ, ಬೆಳಗಾದರೆ “ಇನ್ನೂ ಬದುಕಿದೀರಾ ಫೆಲಿಮ್?” ಎನ್ನುತ್ತಾ ಒಳಗೆ ಬಂದಿದ್ದಾಳೆ. ಅದು ನಡೆದೇ ಇಲ್ಲವೆಂದು ಮಾತ್ರ ಹೇಳಬೇಡಿ. ಇಮೆಲ್ಡಾ ಹೋದ ಮೇಲೆ ಈ ಕಚೇರಿಯಲ್ಲಿ ನಡೆದದ್ದು ಅದೊಂದೇ ವರ್ಷ.

ಇಂತಿ,
ಯೋಗ್ಯತೆಯನ್ನು ಹೆಂಡತಿಯ ಜೊತೆಗೇ ಮಣ್ಣು ಮಾಡಿ ಬಂದ,
ಫೆಲಿಮ್ ಗೆರಾಟಿ
ಸಾಲಿಸಿಟರ್, ಬ್ಯಾಲಿಕ್ಲೂನ್