ಮುಂದಲೆಯ ಬಿಳಿ

ರಾಮಸಮುದ್ರ, ಯಾದಗಿರಿ ತಾಲೂಕು
ರವಿವಾರ, ೧೬ ಫೆಬ್ರುವರಿ ೨೦೨೫

ಪ್ರೀತಿಯ ನಂದಕ್ಕಾ,

ಹೇಗಿದ್ದೀ? ಮುಂಗೈ ಮೇಲೆ ಎಣ್ಣೆ ಸಿಡಿದಿತ್ತಲ್ಲ, ಮಾಗಿತೇ? ಹಾಸ್ಟೆಲ್ಲಿನ ಇನ್ನೂರು ಹುಡುಗಿಯರಿಗೆ ದಿನಾ ಉಪ್ಪಿಟ್ಟು ತಿರುವಿ ತಿರುವಿ ನಿನ್ನ ರಟ್ಟೆ ಸೋತಿರಬೇಕು. ಬಿಸಿಲು ಈಗಲೇ ಚುರುಗುಟ್ಟುತ್ತಿದೆ, ನಾರಾಯಣಪುರದಲ್ಲಿ ಡ್ಯಾಮಿನ ಗಾಳಿಯಾದರೂ ಸ್ವಲ್ಪ ತಂಪು ಕೊಡುತ್ತದೆಯೇ? ಇಲ್ಲಿ ನಾವು ಮೂವರೂ ಆರಾಮ. ಅಪ್ಪನ ಮೊಣಕಾಲು ನೋವು ಹಾಗೇ ಇದೆ, ಆದರೂ ಕುರಿಗಳ ಹಿಂದೆ ಹೋಗುವುದನ್ನು ಬಿಟ್ಟಿಲ್ಲ. ಅವ್ವ ಚೆನ್ನಾಗಿದ್ದಾಳೆ, ಬೈಯುವ ದನಿ ಒಂಚೂರೂ ಇಳಿದಿಲ್ಲ ಎಂದರೆ ನಿನಗೆ ಸಮಾಧಾನವಾಗುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನುತ್ತೀ. ಎಷ್ಟು ಸಲ ಹೇಳಲು ಹೋಗಿಲ್ಲ? ಮನೆಗೆ ಬಾ ಎಂದ ಕೂಡಲೇ "ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ, ಇಡ್ತೀನವ್ವ" ಎಂದು ಕಟ್ ಮಾಡುತ್ತೀ. ಇನ್ನೂರು ಜನರ ಅನ್ನವನ್ನು ಯಾರಾದರೂ ಕುಕ್ಕರಿನಲ್ಲಿ ಮಾಡುತ್ತಾರೆಯೇ ಅಕ್ಕ? ಸುಳ್ಳು ಹೇಳುವುದನ್ನು ನೀನು ಇನ್ನೂ ಕಲಿಯಬೇಕು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಡುವೆ ನಿಲ್ಲಿಸಿದರೂ ಇದು ಅಲ್ಲೇ ಬಿದ್ದಿರುತ್ತದೆ, ಇವತ್ತಲ್ಲ ನಾಳೆ ಓದಲೇಬೇಕಾಗುತ್ತದೆ.

ಎಳ್ಳ ಅಮಾವಾಸ್ಯೆಗೆ ಎರಡನೆಯ ವರ್ಷವೂ ನೀನು ಬರಲಿಲ್ಲ. ಹೊಲಕ್ಕೆ ಬುತ್ತಿ ಹೊತ್ತುಕೊಂಡು ಹೋದೆವು. ಸಜ್ಜೆ ರೊಟ್ಟಿ, ಭಜ್ಜಿ, ಕಡುಬು, ಎಲ್ಲ ಇತ್ತು, ಆದರೆ ಮೂವರೇ ಕುಳಿತು ಉಂಡದ್ದು ಹಬ್ಬದ ಊಟದ ಹಾಗಿರಲಿಲ್ಲ. ಅವ್ವ ಒಂದು ಕಡುಬನ್ನು ಬಟ್ಟೆಯಲ್ಲಿ ಕಟ್ಟಿ ಬುತ್ತಿಯ ತಳದಲ್ಲಿ ಇಟ್ಟಳು. ಮೂರು ದಿನ ಅದು ಅಡುಗೆಮನೆಯ ಗೂಡಿನಲ್ಲಿತ್ತು. ಆಮೇಲೆ ಕುರಿಗಳಿಗೆ ಹಾಕಿದಳು.

ಈಗ ವಡಗೇರಾದವರ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಆದ ಮೇಲೆ ಅವರು ನನ್ನನ್ನು ನೋಡಿ ಹೋದದ್ದು ನಿನಗೆ ಗೊತ್ತು. ಹುಡುಗ ದೇವಿಂದ್ರ, ಬಸ್ ಸ್ಟ್ಯಾಂಡಿನ ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಿನ್ನ ಮುಂದೆ ಮುಚ್ಚುಮರೆ ಏಕೆ, ನನಗೆ ಹಿಡಿಸಿದ್ದ. ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ, ಊಟ ಆಯಿತೇ ಎಂದು ಕೇಳಿ ಆಮೇಲೆ ಏನು ಮಾತಾಡಬೇಕೆಂದು ತಿಳಿಯದೆ ಸುಮ್ಮನಾಗುತ್ತಿದ್ದ. ನಾನು ನಿನಗೆ ಹೇಳದೆ ಇಟ್ಟುಕೊಂಡದ್ದು ಒಂದೇ ಮಾತು. ಅವತ್ತು ಅವನ ಅವ್ವ ದುರಗಮ್ಮ "ಮಕ್ಕಳೆಷ್ಟವ್ವಾ ನಿಮಗ?" ಎಂದು ಕೇಳಿದರು. ನಾನು ಚಹಾದ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ನಮ್ಮ ಅವ್ವ "ಈಕಿ ಒಬ್ಬಾಕೇರಿ" ಅಂದಳು. ಅಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಇಪ್ಪತ್ತೇಳು ವರ್ಷ ಬದುಕಿರುವ ನಿನ್ನನ್ನು ಒಂದೇ ಮಾತಿನಲ್ಲಿ ಇಲ್ಲವೆನಿಸಿಬಿಟ್ಟರು. ನಾನು ಆ ತಟ್ಟೆಯನ್ನು ಹೇಗೆ ಹೊರಗೆ ತಂದೆನೋ ನನಗೇ ತಿಳಿಯದು. ಅವರು ಹೋದ ಮೇಲೆ ಜಗಳ ತೆಗೆದೆ. ಅವ್ವ ನನ್ನ ಕೈ ಎಳೆದು ತನ್ನ ತಲೆ ಮೇಲೆ ಇಟ್ಟುಕೊಂಡು, "ಅಕ್ಕನ ಸುದ್ದಿ ನಿನ್ನ ಬಾಯಾಗಿಂದ ಹೊರಗ ಬಂದ್ರ ನಾ ಸತ್ತಂಗ" ಎಂದು ಆಣೆ ಮಾಡಿಸಿದಳು.

ಇನ್ನು ಮುಂದಿನದು ನಿನಗೆ ಗೊತ್ತಿರುವುದೇ, ಬೇಸರಪಡಬೇಡ; ಬರೆದರೆ ನನ್ನ ಎದೆ ಸ್ವಲ್ಪ ಹಗುರಾಗುತ್ತದೆ. ನೀನು ಹುಟ್ಟುವಾಗಲೇ ನಿನ್ನ ಮುಂದಲೆಯಲ್ಲಿ ನಾಲ್ಕು ಬೆರಳಗಲ ಬಿಳಿ ಕೂದಲಿತ್ತಂತೆ. ಆಯಿ ಮೊಮ್ಮಗಳನ್ನು ನೋಡಿ "ಕೂಸು ನೆತ್ತಿ ಮ್ಯಾಲ ಬೆಣ್ಣಿ ಇಟ್ಕೊಂಡು ಬಂದೈತಿ" ಎಂದು ನಕ್ಕಿದ್ದಳಂತೆ. ಇದು ರೋಗವಲ್ಲ, ಯಾರಿಗೂ ಅಂಟುವುದಿಲ್ಲ ಎಂದು ಕಲಬುರಗಿಯ ಡಾಕ್ಟರು ಹೇಳಿದ್ದರು. ಆದರೆ ನಿನಗೆ ವರ ನೋಡಲು ಶುರುಮಾಡಿದ ದಿನದಿಂದ ಆ ಬೆಣ್ಣೆ ಊರವರ ಬಾಯಲ್ಲಿ ತೊನ್ನಾಯಿತು. ಹದಿನೈದು ದಿನಕ್ಕೊಮ್ಮೆ ಅವ್ವ ಕಪ್ಪು ಬಣ್ಣದ ಪುಡಿ ಕಲೆಸಿ ಕೊಡುತ್ತಿದ್ದಳು, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ನಾನು ಹಚ್ಚುತ್ತಿದ್ದೆ. ಆಗ ನಾನು ಹತ್ತನೆಯ ತರಗತಿ. ಮೂರನೆಯ ಸಲ ನೋಡಲು ಬಂದವರಲ್ಲಿ ಒಬ್ಬ ಹೆಂಗಸು ಹೂ ಮುಡಿಸುವ ನೆವದಲ್ಲಿ ಬೆರಳನ್ನು ಒದ್ದೆ ಮಾಡಿಕೊಂಡು ನಿನ್ನ ಮುಂದಲೆ ಉಜ್ಜಿದಳು. ಬೆರಳಿಗೆ ಕಪ್ಪು ಹತ್ತಿತು. ಅದನ್ನು ಎಲ್ಲರಿಗೂ ಎತ್ತಿ ತೋರಿಸಿದಳು. ಅದಾದ ಮೇಲೂ ಬಣ್ಣ ಹಚ್ಚುವುದನ್ನು ಬಿಡಲಿಲ್ಲ, ಕೊನೆಗೆ ಒಂದು ದಿನ ನಿನ್ನ ಮುಖ ಊದಿಕೊಂಡು ಎರಡು ದಿನ ಕಣ್ಣು ತೆರೆಯಲಾಗಲಿಲ್ಲ. ಹಚ್ಚಿದ್ದು ನನ್ನ ಕೈ. ನಾನು ಅಳುತ್ತ ಕುಳಿತರೆ, ಕಣ್ಣು ಮುಚ್ಚಿಕೊಂಡೇ ನೀನು "ನಿನ್ನ ಕೈ ಭಾಳ ಹಗುರ ಐತಿ ರೇವಿ, ನೀ ಯಾಕ ಅಳ್ತಿ?" ಅಂದೆ. ಆ ಮಾತನ್ನು ಮರೆಯಲು ನನಗೆ ಇವತ್ತಿಗೂ ಆಗಿಲ್ಲ. ನನ್ನ ಮದುವೆಗೆ ಅಡ್ಡಿಯಾಗಬಾರದೆಂದು ನೀನು ಹಾಸ್ಟೆಲ್ ಕೆಲಸ ಹಿಡಿದು ಹೋದದ್ದು ಎಂದು ಯಾರೂ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು.

ಮೊನ್ನೆ ಗುರುವಾರ, ಭಾರತ ಹುಣ್ಣಿಮೆಯ ಮರುದಿನ, ವಡಗೇರಾದವರು ಮದುವೆ ನಿಶ್ಚಯಿಸಿ ಉಡಿ ತುಂಬಲು ಬರುವುದೆಂದು ಗೊತ್ತಾಗಿತ್ತು. ನಾನು ಯೋಚನೆ ಮಾಡಿದೆ. ಆಣೆ ಇದ್ದದ್ದು ನನ್ನ ಬಾಯಿಗೆ, ತಲೆಗೆ ಇರಲಿಲ್ಲ. ಯಾದಗಿರಿಯಲ್ಲಿ ಪಾರ್ಲರ್ ಇಟ್ಟಿರುವ ಗೌಹರಬೇಗಂ ಗೊತ್ತಲ್ಲ, ಅವರ ಗಿರಾಕಿಗಳ ಬ್ಲೌಸ್ ನಾನೇ ಹೊಲಿಯುತ್ತೇನೆ. ಮುಂದಲೆಗೆ ಬ್ಲೀಚ್ ಮಾಡಿ, ಪೂರಾ ಬಿಳಿ ಬರಬೇಕು ಎಂದು ಕೇಳಿದೆ. "ಅರೇ ಬೇಟಾ, ಶಾದಿ ಮುಂದ ಇಟ್ಕೊಂಡು ಬಾಲ್ ಯಾಕ ಖರಾಬ್ ಮಾಡ್ಕೋತಿ?" ಎಂದು ಕುರ್ಚಿಯಿಂದ ಎಬ್ಬಿಸಿ ಕಳಿಸಿದರು. ಸರಿ, ಅಂಗಡಿಯಿಂದ ಬ್ಲೀಚ್ ಪುಡಿಯನ್ನೂ ಅದಕ್ಕೆ ಬೆರೆಸುವ ನೀರಿನಂಥ ಔಷಧದ ಬಾಟಲಿಯನ್ನೂ ತಂದೆ. ಹುಣ್ಣಿಮೆ ದಿನ ಅವ್ವ ಗುಡಿಗೆ ಹೋದಾಗ ಹಿತ್ತಲಲ್ಲಿ ಕುಳಿತೆ. ಫೋನಿನಲ್ಲಿ ನೋಡಿ ಕಲಿತ ವಿದ್ಯೆ, ಅರ್ಧ ಮಾತ್ರ ತಲೆಗೆ ಹೋಗಿತ್ತು. ದೇವರ ಮುಂದಿನ ಹಿತ್ತಾಳೆ ಬಟ್ಟಲಲ್ಲಿ ಕಲೆಸಿದೆ. ಅದು ನೊರೆ ಉಕ್ಕಿ, ಬಟ್ಟಲು ಕೈ ಸುಡುವಷ್ಟು ಬಿಸಿಯಾಯಿತು. ಲೋಹದ ಪಾತ್ರೆಯಲ್ಲಿ ಕಲೆಸಬಾರದೆಂದು ಆ ಹುಡುಗಿ ವಿಡಿಯೋದ ಕೊನೆಯಲ್ಲಿ ಹೇಳಿದ್ದಳು, ನಾನು ಕೊನೆಯವರೆಗೆ ನೋಡಿರಲಿಲ್ಲ. ಅದನ್ನು ಚೆಲ್ಲಿ, ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಲೆಸಿದೆ. ಹಣೆಗೆ ಕೊಬ್ಬರಿ ಎಣ್ಣೆ ಬಳಿದುಕೊಂಡು, ನಿನ್ನ ಬಿಳಿ ಎಲ್ಲಿಂದ ಶುರುವಾಗುತ್ತಿತ್ತೋ ಅಲ್ಲಿಂದಲೇ ಬೈತಲೆ ತೆಗೆದು, ಬ್ರಶ್ಶಿನಿಂದ ಹಚ್ಚಿದೆ. ಕಣ್ಣಲ್ಲಿ ನೀರು ಬರುವ ಘಾಟು, ನೆತ್ತಿಯೆಲ್ಲ ಉರಿ. ನಿನಗೂ ಹೀಗೇ ಉರಿಯುತ್ತಿತ್ತೇ ಅಕ್ಕ? ಒಂದು ದಿನವಾದರೂ ಹೇಳಲಿಲ್ಲವಲ್ಲ ನೀನು.

ತೊಳೆದು ನೋಡಿದರೆ ಬಿಳಿಯೂ ಇಲ್ಲ, ಎಂಥದೂ ಇಲ್ಲ! ಅಪ್ಪನ ಹಿಂಡಿನ ಕೆಂಗುರಿಗಳ ಕೆಂಪು. ಇನ್ನೊಂದು ಸಲ ಹಚ್ಚಿದೆ. ಒಣಗಿದ ಜೋಳದ ಕಣಿಕೆಯ ಬಣ್ಣಕ್ಕೆ ಬಂದು ನಿಂತಿತು, ಹತ್ತಿಪ್ಪತ್ತು ಎಳೆ ಕೈಗೇ ಕಿತ್ತು ಬಂದವು. ನಿನಗೆ ಹುಟ್ಟುತ್ತಲೇ ಸಿಕ್ಕದ್ದು ನನಗೆ ಎರಡು ತಾಸು ಉರಿ ತಿಂದರೂ ಸಿಗಲಿಲ್ಲ. ಅವ್ವ ಗುಡಿಯಿಂದ ಬಂದವಳೇ ತಲೆ ತಲೆ ಬಡಿದುಕೊಂಡಳು. "ಏನ್ ಮಾಡ್ಕೊಂಡಿಯೇ ಹುಚ್ಚಿ, ನಾಳಿಗಿ ಉಡಿ ತುಂಬಾಕ ಬರ್ತಾರ!" ಎಂದು ಕಪ್ಪು ಬಣ್ಣದ ಪುಡಿ ಹುಡುಕಿ ತಂದಳು. ನಾನು ಅವಳ ಮುಂದೆ ಕುಳಿತು ತಲೆ ಬಗ್ಗಿಸಿದೆ. "ಹಚ್ಚವ್ವ. ಅಕ್ಕಗ ಊದಿದಂಗ ನನಗೂ ಊದಲಿ" ಅಂದೆ. ಅವಳ ಕೈ ಮುಂದೆ ಬರಲಿಲ್ಲ. ಸಂಜೆ ಅಪ್ಪ ಬಂದು ನೋಡಿ ಕಟ್ಟೆಯ ಮೇಲೆ ಕುಳಿತ. ಅಪ್ಪನ ಹಿಂಡಿನಲ್ಲಿ ಹಣೆ ಬಿಳಿ ಇರುವ ಕುರಿಯನ್ನು ಎಷ್ಟು ಬೆಲೆ ಬಂದರೂ ಮಾರುವುದಿಲ್ಲ, ಅದೇ ಎಲ್ಲಕ್ಕಿಂತ ಮುಂದೆ ನಡೆಯಬೇಕು, ನಿನಗೆ ಗೊತ್ತಲ್ಲ. ನನಗೆ ಸಿಟ್ಟು ತಡೆಯಲಾಗಲಿಲ್ಲ. ಕುರಿಗೆ ಕೊಡುವ ಮರ್ಯಾದೆಯನ್ನು ಮಗಳಿಗೂ ಕೊಡು ಎಂದು ಅಂದೇ ಬಿಟ್ಟೆ. ಅಂದ ಮೇಲೆ ಹೆದರಿಕೆಯಾಯಿತು. ಅಪ್ಪ ಊಟ ಮಾಡಲಿಲ್ಲ.

ಮರುದಿನ ಒಂಬತ್ತು ಜನ ಬಂದರು. ನನ್ನನ್ನು ಮಣೆಯ ಮೇಲೆ ಕೂಡಿಸಿದರು. ಕುಂಕುಮ ಹಚ್ಚಲು ದುರಗಮ್ಮ ನನ್ನ ಸೆರಗು ಸರಿಸಿದರು, ಕೈ ಅಲ್ಲೇ ನಿಂತಿತು. "ಇದೇನವ್ವಾ ಇದು? ಹ್ವಾದ ಸರ್ತಿ ಇದ್ದಿದ್ದಿಲ್ಲಲ್ಲ?" ಅಂದರು. ನಾನು ಆಣೆಗೆ ಕಟ್ಟುಬಿದ್ದವಳು, ಅಪ್ಪನ ಕಡೆ ನೋಡಿದೆ. ಅಪ್ಪ ಎದ್ದು ನಿಂತ ಅಕ್ಕ. "ಇದು ಈಕಿ ಕೈಯಾರ ಮಾಡ್ಕೊಂಡದ್ದರಿ. ನಮ್ಮ ಹಿರಿ ಮಗಳಿಗಿ ಹುಟ್ಟಿದಾಗಿಂದ ಐತಿ. ಮಹಾನಂದಾ ಅಂತ, ನಾರಾಯಣಪುರದಾಗ ದುಡೀತಾಳ. ನನಗ ಇಬ್ರು ಹೆಣ್ಮಕ್ಕಳ್ರಿ. ಅವತ್ತ ಸುಳ್ಳ ಹೇಳಿದ್ವಿ, ತಪ್ಪಾತು" ಅಂದ. ನಿನ್ನ ಹೆಸರು ನಮ್ಮ ಮನೆಯಲ್ಲಿ ಹೊರಗಿನವರ ಮುಂದೆ ಕೇಳಿ ಎರಡು ವರ್ಷವಾಗಿತ್ತು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ದೇವಿಂದ್ರ ತನ್ನ ಫೋನ್ ನೋಡುತ್ತಿದ್ದ. ಉಡಿ ತುಂಬಲಿಲ್ಲ. ಚಹಾ ಕುಡಿದು, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಹೇಳಿ, ತಂದ ಸೀರೆಯನ್ನು ತಿರುಗಿ ಗಾಡಿಯಲ್ಲಿ ಇಟ್ಟುಕೊಂಡು ಹೋದರು. ಇವತ್ತಿಗೆ ಮೂರು ದಿನ, ಇನ್ನೂ ಸುದ್ದಿ ಇಲ್ಲ.

ಸುದ್ದಿ ಏನಾದರೂ ಬರಲಿ, ನನಗೆ ನೀನು ಬೇಕು. ಲೈನಿಂಗ್ ಬಟ್ಟೆ ತರಲು ಶಹಾಪುರಕ್ಕೆ ಹೋದಾಗಲೆಲ್ಲ ನಿನ್ನ ನಾರಾಯಣಪುರದ ಬಸ್ ಸುರಪುರದ ಕಡೆಯಿಂದ ಬರುವವರೆಗೆ ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ. ಹಣೆಯ ತನಕ ಸೆರಗು ಹೊದ್ದ ಯಾರಾದರೂ ಇಳಿದರೆ ನೀನೇ ಎಂದು ಎರಡು ಹೆಜ್ಜೆ ಮುಂದೆ ಹೋಗುತ್ತೇನೆ. ಒಂದು ಸಲ ಒಬ್ಬ ಮುದುಕಿಯ ಚೀಲವನ್ನೇ ಕೈಗೆ ತೆಗೆದುಕೊಂಡಿದ್ದೆ, ಆಕೆ ನನ್ನನ್ನು ಕಳ್ಳಿ ಎಂದು ಬೈದಳು. ನನ್ನ ತಲೆಗೆ ಎಣ್ಣೆ ಹಚ್ಚಿದರೆ ನೀನೇ ಹಚ್ಚಬೇಕು. ಅವ್ವನ ಕೈ ಬಿರುಸು, ಅದರಲ್ಲೂ ಈಗ ಮುಂದಲೆ ಮುಟ್ಟಿದರೆ ಮುರಿಯುತ್ತದೆ. ಯುಗಾದಿ ತನಕ ಕಾಯುವುದು ನನ್ನಿಂದ ಆಗದು.

ಹೊತ್ತಿಗೆ ಸರಿಯಾಗಿ ಉಣ್ಣು, ಹುಡುಗಿಯರಿಗೆಲ್ಲ ಬಡಿಸಿ ತಳದ್ದನ್ನು ತಿನ್ನಬೇಡ. ಅಪ್ಪ ನಿನ್ನನ್ನು ಕೇಳಿದ್ದಾನೆಂದು ಬರೆಯಲು ಹೇಳಿದ. ನಿನ್ನ ಪಾದಗಳಿಗೆ ನನ್ನ ನಮಸ್ಕಾರ.

ನಿನ್ನ ತಂಗಿ,
ರೇವತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪನಿಗೆ ಫೋನ್ ಬಂತು. ದೇವಿಂದ್ರನ ಸೋದರಮಾವ. ಬೇಡ ಅಂದರು. ದೇವಿಂದ್ರನೇ ಒಂದು ಮಾತು ಹೇಳಬಹುದಿತ್ತು. ಇರಲಿ, ಅಳುವುದು ಎಷ್ಟಿತ್ತೋ ಅಷ್ಟು ಅತ್ತು ಮುಗಿಸಿದ್ದೇನೆ, ನೀನು ಅಲ್ಲಿ ಶುರುಮಾಡಬೇಡ. ಅವ್ವ ಒಲೆಯ ಮುಂದೆ ಬಹಳ ಹೊತ್ತು ಕುಳಿತಿದ್ದಳು, ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಎದ್ದು ಬಂದವಳು ಈ ಕಾಗದವನ್ನು ಕೈಗೆ ತೆಗೆದುಕೊಂಡು, ಓದಲು ಬಾರದಿದ್ದರೂ ಎರಡೂ ಕಡೆ ತಿರುಗಿಸಿ ನೋಡಿ, ನನಗೆ ವಾಪಸ್ ಕೊಟ್ಟು ಹೇಳಿದಳು: "ಇದರಾಗ ನಂದೂ ಒಂದ್ ಮಾತ ಬರಿ. ಇನ್ನ ಯಾರ ಮುಂದ ಮುಚ್ಚೂದೈತಿ? ಬಣ್ಣ ಹಚ್ಚಬ್ಯಾಡ, ಸೆರಗ ಹೊದಿಬ್ಯಾಡ, ಹಂಗ ಬಾ ಅನ್ನು. ಅವ್ವ ಅಂದಾಳ ಅಂತ ಬರಿ." ಅವಳು ಹೇಳಿದ ಹಾಗೇ ಬರೆದಿದ್ದೇನೆ ಅಕ್ಕ, ಇದರಲ್ಲಿ ಒಂದಕ್ಷರವೂ ನನ್ನದಲ್ಲ.