ಸಣ್ಣ ನವಿಲಿನ ಕಣ್ಣು

ನವೆಂಬರ್ ೨, ೧೯೮೭
ಬೆಳಿಗ್ಗೆಯಿಂದ ದಪ್ ದಪ್. ಅಮ್ಮಾ ಒಳಕೋಣೆಯಲ್ಲಿ ಜಮಖಾನ ನೇಯುತ್ತಿದ್ದಾಳೆ, ನಾನು ಹೊಸ್ತಿಲಿನ ಈಚೆ ರೊಟ್ಟಿ ಬಡಿಯುತ್ತಿದ್ದೇನೆ. ಮಗ್ಗ ಮುಟ್ಟುವ ಹಾಗಿಲ್ಲ. ನಮ್ಮ ಮನೆತನದ ಪದ್ಧತಿ — ನೇಯ್ಗೆ ಸೊಸೆಗೆ, ಮಗಳಿಗಲ್ಲ. ಮಗಳು ಮದುವೆಯಾಗಿ ಹೋಗುವಾಗ ವಿದ್ಯೆಯನ್ನೂ ಗಂಟು ಕಟ್ಟಿಕೊಂಡು ಹೋಗುತ್ತಾಳಂತೆ. ಸರಿ, ಸೊಸೆ ಎಲ್ಲಿ? ತಮ್ಮನಿಗಿನ್ನೂ ಹತ್ತು ವರ್ಷ. ಕೂಸು ಹುಟ್ಟುವ ಮೊದಲೇ ಕುಲಾವಿ! ಅಷ್ಟರಲ್ಲಿ ಅಮ್ಮನ ಕಣ್ಣು... ಈಗಲೇ ಸೂಜಿಗೆ ದಾರ ನಾನೇ ಪೋಣಿಸಬೇಕು. ಸಿಟ್ಟು ಬರುತ್ತದೆ.

ನವೆಂಬರ್ ೫
ಹುಬ್ಬಳ್ಳಿ ಅಂಗಡಿಯ ಕುಬೇರಪ್ಪನವರು ಬಂದಿದ್ದರು. ಅಮ್ಮನ ಜಮಖಾನದ ನವಿಲಿನ ಮೇಲೆ ಬೆರಳಿಟ್ಟು ಅಂದರು — "ಖೈರುನಬಿಯವರ, ಇದ ನವಿಲು ಬೇಕ್ರಿ, ಅರ್ಧ ಸೈಜ್. ಗ್ವಾಡಿಗೆ ತೂಗಹಾಕೂದು. ದೊಡ್ಡ ಜಮಖಾನ ಈಗ ಯಾರೂ ಕೇಳಂಗಿಲ್ರಿ. ಚಲೋ ಬಂದ್ರ ವರ್ಷಪೂರ್ತಿ ತಗೋತೀವಿ. ಇಲ್ಲಂದ್ರ ಬ್ಯಾರೆ ಮನಿ ನೋಡಬೇಕಾಗ್ತೈತಿ."
ಅಮ್ಮಾ "ಹೌದ್ರಿ" ಅಂದಳು. ಅವರು ಹೋದ ಮೇಲೆ ಮುಖ ಬಾಡಿತು. ಆಕೆಯ ನವಿಲು ಇರುವುದು ಕೈಯಲ್ಲಿ, ಕಾಗದದಲ್ಲಲ್ಲ. ಅತ್ತೆ ಕಲಿಸಿದ ಎಣಿಕೆ. ಒಂದೇ ಅಳತೆ.

ನವೆಂಬರ್ ೧೩
ಅಗಲ ಅರ್ಧ ಮಾಡಿದಳು. ಎತ್ತರ ಹಾಗೇ ಬಿಟ್ಟಳು. ನವಿಲಲ್ಲ, ಕೊಕ್ಕರೆ! ನಕ್ಕುಬಿಟ್ಟೆ. ಒಂದು ವಾರದ ಕೆಲಸ, ಕೂತು ಎಲ್ಲ ಬಿಚ್ಚಿದಳು. ನಗಬಾರದಿತ್ತು.

ನವೆಂಬರ್ ೧೪, ಮಧ್ಯಾಹ್ನ
ಮ್ಯಾಟ್ರಿಕ್‌ನ ಗ್ರಾಫ್ ಪೇಪರ್ ಉಳಿದಿತ್ತು. ಹಾಸಿಗೆಯ ಹಳೆ ಜಮಖಾನದ ಮೇಲೆ ಬಗ್ಗಿ ನವಿಲನ್ನು ಎಣಿಸಿದೆ — ಅಡ್ಡ ಎಂಬತ್ತನಾಲ್ಕು ಎಳೆ, ಎತ್ತರ ನೂರಿಪ್ಪತ್ತು ಸಾಲು. ಎರಡೂ ಕಡೆ ಒಂದೇ ಸಮ ಅರ್ಧ ಮಾಡಬೇಕು. ನಲವತ್ತೆರಡು, ಅರವತ್ತು. ಗಣಿತದಲ್ಲಿ ಎಂಬತ್ತೊಂದು ಸುಮ್ಮನೆ ಬಂದಿತ್ತೇ!

ಸಂಜೆ
ಸುಮ್ಮನೆ ಬಂದಿತ್ತು. ಕುತ್ತಿಗೆ ಐದು ಎಳೆ. ಅರ್ಧ ಅಂದರೆ ಎರಡೂವರೆ — ಅರ್ಧ ಎಳೆ ಎಲ್ಲಿಂದ ತರಲಿ? ಕಣ್ಣಂತೂ ಒಂದೇ ಎಳೆ. ನನ್ನ ನವಿಲು ಕುರುಡು.

ನವೆಂಬರ್ ೧೬
ಧೈರ್ಯ ಮಾಡಿ ತೋರಿಸಿದೆ. ಬೈಗುಳಕ್ಕೆ ತಯಾರಿದ್ದೆ. ಅಮ್ಮಾ ಕಾಗದವನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.
"ಕಣ್ಣೆಲ್ಲಿ ಲೇ?"
"ಅರ್ಧ ಮಾಡಾಕ ಬರಂಗಿಲ್ಲಮ್ಮಾ."
"ಹುಚ್ಚಿ! ಕಣ್ಣ್ಯಾಕ ಅರ್ಧ ಮಾಡ್ತಿ? ಕೂಸಿನ ಮಾರಿ ನೋಡಿಲ್ಲೇನು? ಮಾರಿ ಸಣ್ಣದು, ಕಣ್ಣು ದೊಡ್ಡು. ಇದ್ದಷ್ಟ ಇರ್ಲಿ ಬಿಡು. ಕುತ್ತಿಗಿಗೆ ಮೂರು ಎಳಿ ಕೊಡು."
ಪೆನ್ಸಿಲ್‌ನಿಂದ ಒಂದು ಚೌಕ ತುಂಬಿದೆ. ನವಿಲು ನನ್ನನ್ನೇ ನೋಡಿತು. ಖುಷಿಗೆ ಊಟ ಸೇರಲಿಲ್ಲ.

ನವೆಂಬರ್ ೨೮
ಗಂಟಲು ಒಣಗಿದೆ. ಹೊಸ್ತಿಲಿನ ಈಚೆ ಕೂತು ನಾನು ಗ್ರಾಫ್ ನೋಡಿ ಕೂಗಿ ಓದುವುದು — ಎರಡು ಕೆಂಪು, ಮೂರು ಹಳದಿ — ಆಚೆ ಅಮ್ಮಾ ನೇಯುವುದು. ಆಕೆ ಬಾ ಅನ್ನಲಿಲ್ಲ, ನಾನು ಕೇಳಲಿಲ್ಲ. ಇಬ್ಬರಿಗೂ ಹಟ. ಗರಿ, ಮೈ ಮುಗಿದವು. ಅಗದಿ ಚೆಂದ ಬಂದಿದೆ. ತಲೆ ಉಳಿದಿದೆ.

ನವೆಂಬರ್ ೨೯, ಬೆಳಿಗ್ಗೆ ಹತ್ತು
ಕಣ್ಣಿನ ಎಳೆ ಅಮ್ಮನಿಗೆ ಕಾಣುತ್ತಿಲ್ಲ. ಎರಡು ಸಲ ತಪ್ಪಿತು, ಬಿಚ್ಚಿದಳು. ಮೂರನೇ ಸಲ ಎಳೆ ಬಡಿಯುವ ಹಣಿಗೆಯನ್ನೇ ಕೆಳಗಿಟ್ಟಳು. ನನಗೆ ಅಳು ಬಂತು.
ಆಮೇಲೆ — "ರಜಿಯಾ, ಕೈ ತೊಳಕೊಂಡು ಒಳಗ ಬಾ."
"ನಾಳೆ ನಾ ಮದುವಿ ಆಗಿ ಹೋದ್ರ? ನವಿಲೂ ಹೋಗ್ತೈತಲ್ಲಮ್ಮಾ?"
"ಹೋಗ್ಲಿ. ಇಲ್ಲೇ ಸಾಯೂದಕಿಂತ ಎಲ್ಲ್ಯರ ಹೋಗಿ ಬದುಕ್ಲಿ."
ಕೈ ತೊಳೆದೆ. ಒರೆಸಿಕೊಳ್ಳದೆ ಬರೆಯುತ್ತಿದ್ದೇನೆ, ಹಾಳೆಯೆಲ್ಲ ಒದ್ದೆ. ಇಲ್ಲಿಂದಲೇ ಕಾಣುತ್ತದೆ — ಮಗ್ಗದ ಹಲಗೆಯ ಮೇಲೆ ಸರಿದು ಕೂತಿದ್ದಾಳೆ, ಸೊಸೆಗೆ ಅಂತ ಇಷ್ಟು ವರ್ಷ ಇಟ್ಟಿದ್ದ ಬಾಜೂ ಜಾಗವನ್ನು ಸೆರಗಿನಿಂದ ಒರೆಸುತ್ತಿದ್ದಾಳೆ. ಮತ್ತೆ ಕರೆದಳು. ಹೋಗ—