ಕಾರಣದ ಕಾಲಂ

ಜೂನ್ 4, ಸಂಜೆ
ಇವತ್ತು ಮೂರು ಹೆರಿಗೆ, ಎರಡು ಸಿಸೇರಿಯನ್. ರಿಜಿಸ್ಟರಿನಲ್ಲಿ ಕಾರಣದ ಕಾಲಂ ತುಂಬುವವಳು ನಾನೇ. ಅಕ್ಷರ ದುಂಡಗಿದೆಯಂತೆ — ಇಪ್ಪತ್ತು ವರ್ಷ ನರ್ಸಾಗಿ ದುಡಿದಿದ್ದಕ್ಕೆ ಸಿಕ್ಕ ಬಿರುದು! ಅರಿವಳಿಕೆ ಡಾಕ್ಟರ್ ಬರುವುದು ನಾಲ್ಕು ಗಂಟೆಗೆ. ಕೆಲಸ ಮುಗಿದರೆ ಬೇರೆ ಆಸ್ಪತ್ರೆಗೆ ಓಟ. ಮೂರೂವರೆಯೊಳಗೆ ಹೆರದವರೆಲ್ಲ ಟೇಬಲ್ಲಿಗೆ. ಕಾರಣ: ಮಗುವಿನ ಎದೆಬಡಿತ ಇಳಿದಿದೆ. ಇವತ್ತು ಯಾರದ್ದೂ ಇಳಿದಿರಲಿಲ್ಲ.

ಜೂನ್ 9
ಒಬ್ಬಳ ಗಂಡ ಬಂದು, "ಸಿಸ್ಟರ್, ಶನಿವಾರಕ್ಕೆ ನನ್ನ ರಜೆ ಮುಗಿಯುತ್ತೆ, ಅಷ್ಟರೊಳಗೆ ತೆಗೆಸ್ಬಿಡಿ" ಅಂದ. ತೆಗೆಸಲು ಮಗುವೇನು ಹುಳುಕು ಹಲ್ಲೇ? ಇನ್ನೊಬ್ಬಳಿಗೆ ನೋವೆಂದರೆ ನಡುಕ. ಕೈ ಹಿಡಿದು ಕೂರೋಣವೆಂದರೆ ಹನ್ನೆರಡು ಹಾಸಿಗೆಗೆ ನಾವಿಬ್ಬರೇ. ಕಾಯಬಹುದಿತ್ತಲ್ಲ ಅಂತ ಡಾಕ್ಟರಮ್ಮನನ್ನು ಕೇಳಿದೆ. "ಕಾದು ಒಂದು ಮಗು ಹೋದ್ರೆ ನನ್ನನ್ನ ಕೋರ್ಟಿಗೆ ಎಳೀತಾರೆ. ಕೊಯ್ದಿದ್ದಕ್ಕೆ ಯಾರೂ ಕೇಳಲ್ಲ" ಅಂದರು. ಬಂದು ರಿಜಿಸ್ಟರ್ ತೆಗೆದೆ. ಬರೆದೆ.

ಜೂನ್ 17
ಮಗಳಿಗೆ ಒಂಬತ್ತು ತಿಂಗಳು ತುಂಬಿತು. ನಮ್ಮಲ್ಲೇ ಹೆರಿಗೆ. "ಅಮ್ಮಾ, ನೀನಿದ್ದೀಯಲ್ಲ. ಸುಮ್‌ಸುಮ್ನೆ ಕೊಯ್ಯೋಕೆ ಬಿಡ್ಬೇಡ" ಅಂದಳು. ಮಾತು ಕೊಟ್ಟೆ.

ಜೂನ್ 26, ಮಧ್ಯಾಹ್ನ 2
ಬೆಳಗ್ಗೆಯಿಂದ ಮಗಳಿಗೆ ನೋವು. ಗರ್ಭದ ಬಾಯಿ ಏಳು ಸೆಂಟಿಮೀಟರ್ ತೆರೆದಿದೆ. ಸೊಂಟ ನೀವಿ ನೀವಿ ಕೈ ಸೋತಿತು. ಗಂಡನನ್ನೂ ನನ್ನನ್ನೂ ಸೇರಿಸಿ ಬೈಯುತ್ತಿದ್ದಾಳೆ. ಬೈಯಲಿ.

3.50
ಇಪ್ಪತ್ತು ನಿಮಿಷದ ಹಿಂದೆ ಹೊಸ ಸಿಸ್ಟರ್ ಆಪರೇಷನ್ನಿನ ಒಪ್ಪಿಗೆ ಫಾರಂ ಹಿಡಿದು ಬಂದಳು. "ಎದೆಬಡಿತ ಇಳೀತಿದೆ ಅಕ್ಕಾ, ಸಹಿ ಹಾಕ್ಸಿ." ಗಡಿಯಾರ ನೋಡಿದೆ. ಸರಿಯಾಗಿ ಮೂರೂವರೆ! ನನಗೇ ಟೋಪಿ ಹಾಕ್ತಾರಾ? "ಈ ಕಥೆ ಬರೆಯೋಳೇ ನಾನು ಕಣೇ" ಅಂದೆ. ಅಳಿಯ ಪೆನ್ನು ತೆಗೆದಿದ್ದ, ಕಸಿದುಕೊಂಡೆ. ಮಗಳು ನನ್ನ ಮುಖ ನೋಡಿ ಆಪರೇಷನ್ ಬೇಡವೆಂದು ತಲೆಯಾಡಿಸಿದಳು. ಡಾಕ್ಟರಮ್ಮ ಗದರಿದರು, ಕೊನೆಗೆ ಬೇಡಿಕೊಂಡರು. ಜಗ್ಗಲಿಲ್ಲ.

ಸಂಜೆ 6.30
ಬೇರೆ ಕೇಸಿಲ್ಲವೆಂದು ಅರಿವಳಿಕೆ ಡಾಕ್ಟರ್ ನಾಲ್ಕೂಕಾಲಿಗೇ ಹೊರಟುಹೋದರು. ನಾಲ್ಕೂವರೆಗೆ ಮಗುವಿನ ಎದೆಬಡಿತ ಕೇಳುವ ಡಾಪ್ಲರ್ ನಾನೇ ಹೊಟ್ಟೆಯ ಮೇಲೆ ಇಟ್ಟು ಕೇಳಿದೆ. ಎಪ್ಪತ್ತು. ನೂರಾಹತ್ತರ ಮೇಲಿರಬೇಕಾದ್ದು. ಮತ್ತೆ ಇಟ್ಟೆ. ಅರವತ್ತು. ಮೂರೂವರೆಗೆ ಸಹಿ ಕೇಳಿದಾಗಲೂ ಅದು ನನ್ನ ಜೇಬಿನಲ್ಲೇ ಇತ್ತು… ಇಡಲಿಲ್ಲ. ಸುಳ್ಳು ಬರೆದೂ ಬರೆದೂ ನಿಜದ ಗುರುತೇ ಸಿಗದೆ ಹೋಯಿತಲ್ಲ, ಅಯ್ಯೋ!

ಅರಿವಳಿಕೆ ಡಾಕ್ಟರನ್ನು ಅರ್ಧ ದಾರಿಯಿಂದ ವಾಪಸ್ ಕರೆಸಿದರು. ಬರಲು ನಲವತ್ತು ನಿಮಿಷ. ಆಮೇಲೆ ಕೊಯ್ದರು. ಹೆಣ್ಣು ಕೂಸು. ಅಳಲಿಲ್ಲ. ಗಾಳಿ ಒತ್ತಿ ಒತ್ತಿ ಉಸಿರು ತರಿಸಿದ್ದಾರೆ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿದೆ. "ಈಗ್ಲೇ ಏನೂ ಹೇಳೋಕಾಗಲ್ಲ" ಅಂದರು. ಮಗಳು ಕೇಳಿದಳು, "ಅಮ್ಮಾ, ಈ ಸಲ ನಿಜವಾಗ್ಲೂ ಬೇಕಿತ್ತಾ?" ಅವಳ ಹೊದಿಕೆ ಸರಿಮಾಡಿ ಎದ್ದು ಬಂದೆ.

ಹೊಸ ಸಿಸ್ಟರ್ ರಿಜಿಸ್ಟರ್ ತಂದಿಟ್ಟು ಹೋದಳು. ಕಣ್ಣು ಮುಚ್ಚಿ ಬರೆಯುತ್ತಿದ್ದ ಸಾಲು. ಈಗ ಕೈ ಏಳುತ್ತಿಲ್ಲ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಕಾರಣ: ಮಗುವಿನ ಎದೆಬಡಿತ ಇಳಿದಿದೆ.
ತಡವಾಗಿದ್ದಕ್ಕೆ ಕಾರಣ: ತಾಯಿಯ ತಾಯಿ —